ಕುಣಿಗಲ್ ಕೆರೆಗೆ ಬಿದ್ದ ಹಡಗಿನ ಕಥೆ

ಅತ್ತೆಗೆ ಕಣ್ಣಿನ ಪೊರೆ ತೆಗೆಸಿದಾಗ ನಮ್ಮ ಮನೆಯ ಟಿವಿ ಮೂರು ವಾರ ಬಾಯಿ ಮುಚ್ಚಿಕೊಂಡಿತ್ತು. ಡಾಕ್ಟರು ಹಾಗೇ ಹೇಳಿದ್ದರು. ಎಪ್ಪತ್ತೆರಡು ವರ್ಷದ ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು, ತುಮಕೂರಿನಂಚಿನ ಮರಳೂರಿನ ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ, ಮುನಿಸಿಕೊಂಡ ಪೊಲೀಸ್ ಅಧಿಕಾರಿಯಂತೆ ಕೂತಿರುತ್ತಿದ್ದರು. ಅವರು ನೋಡುತ್ತಿದ್ದ ಧಾರಾವಾಹಿಯಲ್ಲಿ ಸೊಸೆಯೊಬ್ಬಳು ಮನೆ ಬಿಟ್ಟು ಹೋಗಿದ್ದಳಂತೆ. ಅವಳು ವಾಪಸು ಬಂದಳೋ ಇಲ್ಲವೋ ತಿಳಿಯದೆ ಅತ್ತೆಗೆ ಊಟ ಸೇರುತ್ತಿರಲಿಲ್ಲ.

ಎರಡನೆಯ ದಿನ ಸಂಜೆ ನಾನು ಸ್ಕೂಲಿನಿಂದ ಬರುವಷ್ಟರಲ್ಲಿ ತೀರ್ಮಾನ ಆಗಿಹೋಗಿತ್ತು.

"ಏನಾದ್ರೂ ಓದೇ ನಂಗೆ. ಹಿಂಗೇ ಕೂತಿದ್ರೆ ತಲೆ ಕೆಟ್ಟೋಗ್ತದೆ."

ನಾನು ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಅಲ್ಲಿನ ಲೈಬ್ರರಿ ಬೀರುವಿನಿಂದ ಮೊದಲು ಶರಣರ ಜೀವನ ಚರಿತ್ರೆ ತಂದೆ. ಅತ್ತೆ ಲಿಂಗಪೂಜೆ ಮಾಡದೆ ತೊಟ್ಟು ನೀರೂ ಕುಡಿಯದವರು, ಇಷ್ಟಪಡುತ್ತಾರೆ ಅಂದುಕೊಂಡಿದ್ದೆ. ಎರಡು ಪುಟಕ್ಕೆ ಕೈಯೆತ್ತಿದರು. "ಇದೆಲ್ಲಾ ಮಠದಲ್ಲಿ ಕೇಳಿದೀನಿ. ಗೊತ್ತಿಲ್ದೇ ಇರೋದು ಓದು."

ಅವರಿಗೆ ಗೊತ್ತಿಲ್ಲದೇ ಇದ್ದದ್ದು ನನ್ನ ಬ್ಯಾಗಿನಲ್ಲೇ ಇತ್ತು. ರಟ್ಟು ಹರಿದ ಒಂದು ದಪ್ಪ ಇಂಗ್ಲಿಷ್ ಪುಸ್ತಕ. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಕಾದಂಬರಿಕಾರನೊಬ್ಬ ಬರೆದ ಸಾಹಸದ ಕಥೆ, ಯಾರೋ ಇಂಗ್ಲಿಷಿಗೆ ತಂದದ್ದು. ನನಗೆಂದು ತಂದುಕೊಂಡಿದ್ದೆ. ಒಂದು ಹಡಗು, ಅದರ ತುಂಬ ಹಟಮಾರಿ ಜನ, ಗೊತ್ತುಗುರಿ ಇಲ್ಲದ ಸಮುದ್ರ. ಪುಟ ತಿರುಗಿಸಿಕೊಂಡು ಬಾಯಿಗೆ ಬಂದಂತೆ ಕನ್ನಡದಲ್ಲಿ ಹೇಳತೊಡಗಿದೆ. ಅಡುಗೆ ಮನೆಯಲ್ಲಿ ಕುಕ್ಕರ್ ಐದು ಸೀಟಿ ಹೊಡೆದು ಬೇಳೆ ತಳ ಹಿಡಿದು ವಾಸನೆ ಬಂದರೂ ಇಬ್ಬರೂ ಏಳಲಿಲ್ಲ. ಎಲೆಕ್ಟ್ರಿಕಲ್ ಅಂಗಡಿ ಮುಚ್ಚಿ ಬಂದ ನನ್ನ ಗಂಡ, ಬಾಗಿಲಲ್ಲೇ ನಿಂತು ಮೂಗು ಅರಳಿಸಿ, "ಏನಾಯ್ತು?" ಎಂದರು.

"ಹಡಗಿಗೆ ತೂತು ಬಿದ್ದೈತೆ ಕಣೋ, ಸುಮ್ನಿರು," ಎಂದರು ಅತ್ತೆ.

ಎರಡು ದಿನ ಕಳೆದ ಮೇಲೆ ಅವರಿಗೆ ನನ್ನ ಮೇಲೆ ಅನುಮಾನ ಶುರುವಾಯಿತು. "ನಿನ್ನೆ ಕ್ಯಾಪ್ಟನ್‌ಗೆ ಗಡ್ಡ ಐತೆ ಅಂದೆ, ಇವತ್ತು ನುಣ್ಣನೆ ಗಲ್ಲ ಕೆರ್ಕೊಂಡ ಅಂತೀಯ. ನೀನು ಮನಸ್ಸಿಗೆ ಬಂದಂಗೆ ಹೇಳ್ತಿದೀಯ. ಬರ್ಕೊಂಡ್ ಬಂದು ಓದು." ಹೀಗೆ, ಗಡ್ಡದ ದೆಸೆಯಿಂದ, ನಾನು ಅನುವಾದಕಿಯಾದೆ.

ಬರೆಯಲು ನನಗೆ ಸಿಗುತ್ತಿದ್ದ ಹೊತ್ತೆಂದರೆ ತುಮಕೂರಿನಿಂದ ಗುಬ್ಬಿಗೆ ಹೋಗುವ ಬೆಳಗಿನ ಪ್ಯಾಸೆಂಜರ್ ರೈಲು. ಕಿಟಕಿ ಪಕ್ಕ ಕೂತು, ತೊಡೆಯ ಮೇಲೆ ಉದ್ದನೆಯ ನೋಟ್‌ಬುಕ್ ಇಟ್ಟುಕೊಂಡು ಜೆಲ್ ಪೆನ್ನಿನಲ್ಲಿ ಗೀಚುತ್ತಿದ್ದೆ. ನಾನು ದಿನಾ ಕೂರುವ ಬೋಗಿಯಲ್ಲೇ ಗುಬ್ಬಿ ಆಸ್ಪತ್ರೆಯ ನರ್ಸ್ ಒಬ್ಬರು ಬರುತ್ತಿದ್ದರು. ಎಲ್ಲರೂ ಸಿಸ್ಟರ್ ಅಂತಲೇ ಕರೆಯುತ್ತಿದ್ದೆವು. ಹೆರಿಗೆ ವಾರ್ಡಿನಲ್ಲಿ ಇಪ್ಪತ್ತು ವರ್ಷ ಕೂಗಿ ಕೂಗಿ ಗಟ್ಟಿಯಾದ ಗಂಟಲು ಅವರದು. ಒಂದು ವಾರ ಪಕ್ಕದಿಂದ ಇಣುಕಿ ಓದಿದರು. ಎಂಟನೆಯ ದಿನ ತಡೆಯಲಾಗಲಿಲ್ಲ.

"ಮೇಡಂ, ನಿಮ್ಮ ಕೈ ಅಡ್ಡ ಬರುತ್ತೆ. ಜೋರಾಗಿ ಓದ್ಬಿಡಿ ಅತ್ಲಾಗೆ."

ಜೋರಾಗಿ ಓದಿದೆ. ಎದುರು ಸೀಟಿನವರು ಫೋನು ಕೆಳಗಿಟ್ಟರು. ಅಂದಿನಿಂದ ಬರೆಯುವುದನ್ನು ಸಂಜೆ ವಾಪಸು ಬರುವ ರೈಲಿಗೆ ತಳ್ಳಿ, ಬೆಳಿಗ್ಗೆ ಓದುವುದೇ ಆಯಿತು. ಮಾರನೆಯ ದಿನ ಹಿಂದಿನ ಸೀಟಿನಿಂದ ಮೂವರು ಬಂದು ನಮ್ಮ ಸೀಟಿನ ಅಂಚಿನಲ್ಲಿ ಒತ್ತರಿಸಿ ಕೂತರು. ಒಂದು ದಿನ ನಾನು ಬರೆದುಕೊಂಡು ಬಂದಿಲ್ಲವೆಂದಾಗ, ಹೂವಿನ ಬುಟ್ಟಿ ಇಟ್ಟುಕೊಂಡ ಹೆಂಗಸೊಬ್ಬರು ನಾನು ಪರೀಕ್ಷೆಗೆ ಓದಿಕೊಂಡು ಬರದ ಹುಡುಗಿಯೇನೋ ಎಂಬಂತೆ ನೋಡಿದರು. ಇಷ್ಟು ವರ್ಷ ಪಾಠ ಮಾಡಿದ್ದೇನೆ, ಒಂದು ತರಗತಿಯೂ ಹೀಗೆ ಕಾದು ಕೂತದ್ದಿಲ್ಲ. ರೈಲಿಳಿದು ಸ್ಕೂಲಿಗೆ ನಡೆಯುವಾಗ ನನ್ನ ಕಾಲು ನೆಲಕ್ಕೆ ತಾಗುತ್ತಿತ್ತೋ ಇಲ್ಲವೋ!

ಕಥೆ ಬರೆದವನ ವಿಷಯವನ್ನೂ ಅಲ್ಲಿಲ್ಲಿ ಓದಿ ಅತ್ತೆಗೆ ಹೇಳುತ್ತಿದ್ದೆ. ಅವನು ಹುಟ್ಟಿದ್ದು ಹಡಗುಗಳು ಬಂದು ನಿಲ್ಲುವ ಊರಿನಲ್ಲಿ. ಅಪ್ಪ ವಕೀಲ, ಮಗನೂ ವಕೀಲನಾಗಲಿ ಅಂತ ಆಸೆ. ಚಿಕ್ಕವನಿದ್ದಾಗ ಯಾರಿಗೂ ಹೇಳದೆ ಒಂದು ಹಡಗು ಹತ್ತಿಬಿಟ್ಟಿದ್ದನಂತೆ. ಅಪ್ಪ ಬೆನ್ನಟ್ಟಿ ಹೋಗಿ ಇಳಿಸಿಕೊಂಡು ಬಂದರಂತೆ. ಇನ್ನು ಮೇಲೆ ಮನಸ್ಸಿನಲ್ಲಿ ಮಾತ್ರ ತಿರುಗುತ್ತೇನೆ ಎಂದು ಅವನು ಮಾತು ಕೊಟ್ಟನಂತೆ. ಇದು ನಿಜವೋ, ಆಮೇಲೆ ಯಾರೋ ಕಟ್ಟಿದ್ದೋ ಗೊತ್ತಿಲ್ಲ ಎಂದೂ ಸೇರಿಸಿದೆ.

"ನಿಜಾನೇ ಇರ್ಬೇಕು," ಎಂದರು ಅತ್ತೆ. "ನಮ್ಮ ತವರು ಕೋರದಲ್ಲಿ ತೋಟದ ಬಾವೀಲಿ ಅಣ್ಣಂದಿರೆಲ್ಲಾ ಈಜು ಕಲಿತ್ರು. ನನ್ನ ಮಾತ್ರ ಮೇಲೆ ಬಟ್ಟೆ ಕಾಯೋಕೆ ಕೂರಿಸ್ತಿದ್ರು. ಒಂದ್ಸಲ ಇಳಿದೇ ಬಿಟ್ಟೆ. ಎರಡು ಮೆಟ್ಲು. ನಮ್ಮಪ್ಪ ಜಡೆ ಹಿಡ್ಕೊಂಡು ಮೇಲಕ್ಕೆ ಎಳೆದ್ರು."

ಮದುವೆಯಾಗಿ ಇಪ್ಪತ್ತಮೂರು ವರ್ಷಕ್ಕೆ ಅವರ ಬಾಯಿಂದ ಈ ಮಾತು ನಾನು ಕೇಳಿದ್ದು ಅದೇ ಮೊದಲು.

ಹನ್ನೊಂದು ಅಧ್ಯಾಯ ಸಲೀಸಾಗಿ ಹೋಯಿತು. ಹನ್ನೆರಡನೆಯದರಲ್ಲಿ ಬಿರುಗಾಳಿ ಬಂತು, ನಾನು ನಿಂತುಬಿಟ್ಟೆ. 'ಹಡಗು ಹೊಯ್ದಾಡಿತು' ಎಂದು ಬರೆದು ಓದಿದೆ.

"ಹೊಯ್ದಾಡ್ತು ಅಂದ್ರೆ? ಬಸ್ಸಿನ ಥರಾನಾ?"

"ಹಾಗಲ್ಲ ಅತ್ತೆ. ಮೇಲೆ, ಕೆಳಗೆ..."

"ತೊಟ್ಟಿಲಿನ ಥರಾನಾ?"

"ಅದಕ್ಕಿಂತ ಜೋರು."

"ನೀನು ಕಂಡಿದೀಯಾ?"

ಕಂಡಿರಲಿಲ್ಲ. ಶಾಲೆಯ ಪ್ರವಾಸದಲ್ಲಿ ಎರಡು ಸಲ ಸಮುದ್ರದ ಹತ್ತಿರ ಹೋಗಿದ್ದೆ. ಎರಡು ಸಲವೂ ಸಮುದ್ರಕ್ಕೆ ಬೆನ್ನು ಹಾಕಿ ಮಕ್ಕಳ ತಲೆ ಎಣಿಸಿ ಬಂದಿದ್ದೆ. ದೋಣಿ ಎಂಬುದರಲ್ಲಿ ಜನ್ಮದಲ್ಲಿ ಕೂತವಳಲ್ಲ. ಕಥೆ ಬರೆದವನೂ ಎಷ್ಟೋ ಊರು ನೋಡದೇ ಬರೆದನಂತೆ ಎಂದು ಸಮಜಾಯಿಷಿ ಕೊಟ್ಟೆ. ಅತ್ತೆ ಕೇಳಲಿಲ್ಲ. "ಅವನು ನೋಡ್ದೆ ಬರೆದ್ರೂ ನಂಗೆ ಕಾಣ್ತದೆ. ನೀನು ಬರೆದಿರೋದು ಕಾಣಲ್ಲ."

ಇದನ್ನು ಮಾರನೆಯ ದಿನ ರೈಲಿನಲ್ಲಿ ಹೇಳಿಕೊಂಡೆ. ಸಿಸ್ಟರ್ ಒಂದು ಗಳಿಗೆಯೂ ಯೋಚಿಸಲಿಲ್ಲ. ಅವರ ತವರು ಕುಣಿಗಲ್ ಹತ್ತಿರದ ಕೊತ್ತಗೆರೆ, ಮೊದಲು ಕೆಲಸ ಮಾಡಿದ್ದು ಕುಣಿಗಲ್‌ನಲ್ಲಿ. "ಕುಣಿಗಲ್ ಕೆರೇಲಿ ಮೀನು ಹಿಡಿಯೋಳು ಒಬ್ಳಿದಾಳೆ. ಅವಳ ಎರಡು ಹೆರಿಗೆನೂ ನಾನೇ ಮಾಡ್ಸಿದ್ದು. ನಾನು ಕೇಳಿದ್ರೆ ಇಲ್ಲ ಅನ್ನಲ್ಲ. ಭಾನುವಾರ ಹೊರಡಿ. ತೆಪ್ಪದಲ್ಲಿ ಕೂರಿಸ್ತಾಳೆ."

ಸಿಸ್ಟರ್ ಜೊತೆ ನಾನೊಬ್ಬಳೇ ಹೋಗುವುದೆಂದು ಅಂದುಕೊಂಡಿದ್ದೆ. ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ಸ್ನಾನ, ಪೂಜೆ ಮುಗಿಸಿ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲಲ್ಲಿ ನಿಂತಿದ್ದರು. ಅಷ್ಟು ಹೊತ್ತಿಗೆ ಕಪ್ಪು ಕನ್ನಡಕ ಬಿಟ್ಟು ಹದಿನೈದು ದಿನ ಆಗಿತ್ತು. ಟಿವಿಗೂ ಅಪ್ಪಣೆ ಸಿಕ್ಕಿತ್ತು, ಆದರೆ ಅವರೇ ಹಾಕಿರಲಿಲ್ಲ. ಕೈಯಲ್ಲಿ ಐದು ಲೀಟರಿನ ಎರಡು ಖಾಲಿ ಎಣ್ಣೆ ಕ್ಯಾನು, ನಡುವೆ ಹಗ್ಗ.

"ಇದೇನತ್ತೆ?"

"ಆ ಕಥೇಲಿ ನೀರಿಗೆ ಬಿದ್ದೋನು ಪೀಪಾಯಿ ಹಿಡ್ಕೊಂಡೇ ಅಲ್ವಾ ಬದುಕಿದ್ದು? ನಮ್ಮನೇಲಿ ಪೀಪಾಯಿ ಎಲ್ಲೈತೆ?"

"ಅದು ಮೀನು ಹಿಡಿಯೋ ತೆಪ್ಪ. ವಾಸನೆ ಇರುತ್ತೆ."

"ಮೂಗು ಮುಚ್ಕೋತೀನಿ. ನಡಿಯೇ."

ಕುಣಿಗಲ್ ಬಸ್ಸಿನಲ್ಲಿ ಕಂಡಕ್ಟರು ನಮ್ಮ ಆಧಾರ್ ಕಾರ್ಡು ನೋಡಿ ಫ್ರೀ ಟಿಕೆಟ್ ಹರಿದು ಕೊಡುತ್ತಾ ಕ್ಯಾನುಗಳ ಕಡೆ ನೋಡಿದ. "ಏನಜ್ಜಿ, ಗಾಣದ ಎಣ್ಣೆ ತರೋಕಾ?"

"ಹಡಗು ಮುಳುಗಿದ್ರೆ ಇರ್ಲಿ ಅಂತ," ಎಂದರು ಅತ್ತೆ, ನಗದೆ. ಅವನು ಎರಡು ಸೀಟು ಮುಂದೆ ಹೋದ ಮೇಲೆ ಮತ್ತೆ ಹಿಂತಿರುಗಿ ನೋಡಿದ. ಸಿಸ್ಟರ್ ಬಾಯಿಗೆ ಕರ್ಚೀಫು ತುರುಕಿಕೊಂಡರು. ಹೆಬ್ಬೂರು ದಾಟುವವರೆಗೂ ನಾವು ಮೂವರು ಒಬ್ಬರ ಮುಖ ಒಬ್ಬರು ನೋಡುವ ಹಾಗಿರಲಿಲ್ಲ.

ಕೆರೆ ತುಂಬಿತ್ತು. ಏರಿಯ ಮೇಲೆ ನಿಂತರೆ ಆಚೆ ದಡ ಬೆಳಕಿನಲ್ಲಿ ಕರಗಿ, ನೀರು ಮುಗಿಯುವುದೆಲ್ಲಿ ಎಂದೇ ತಿಳಿಯುತ್ತಿರಲಿಲ್ಲ. ಮೀನುಗಾರ ಹೆಂಗಸು ನಮಗಾಗಿ ಕಾಯುತ್ತಿದ್ದಳು. ಗಟ್ಟಿ ತೋಳು, ಸೀರೆಯ ಮೇಲೆ ಗಂಡಸರ ಅಂಗಿ, ಬಾಯಿ ತುಂಬ ಎಲೆಯಡಿಕೆ. ಸಿಸ್ಟರನ್ನು ಕಂಡು ಓಡಿ ಬಂದು ಕೈ ಹಿಡಿದುಕೊಂಡಳು. "ಅಕ್ಕಾ, ನಿಮ್ಮ ಕೈಯಲ್ಲಿ ಹುಟ್ಟಿದ್ದು ಈಗ ಎಸ್ಸೆಸ್ಸೆಲ್ಸಿ ಓದ್ತೈತೆ!" ತೆಪ್ಪ ದಡದಲ್ಲಿ ಮಗುಚಿ ಒಣಗುತ್ತಿತ್ತು. ಅವಳು ಅದನ್ನು ಒಂದೇ ಕೈಯಲ್ಲಿ ತಿರುವಿ ನೀರಿಗೆ ತಳ್ಳಿದಳು. ಹರಿಗೋಲಿನಂಥ ದುಂಡಗಿನ ದೊಡ್ಡ ಬುಟ್ಟಿ, ಅಷ್ಟೆ.

ಅಲ್ಲಿ ತಿಳಿಯಿತು, ಇಷ್ಟೆಲ್ಲ ಏರ್ಪಾಟು ಮಾಡಿದ ಸಿಸ್ಟರಿಗೆ ನೀರು ಕಂಡರೆ ಪ್ರಾಣಭಯ.

"ನಾನು ಇಲ್ಲಿಂದಾನೇ ವಿಡಿಯೋ ಮಾಡ್ತೀನಿ ಮೇಡಂ. ಯಾರಾದ್ರೂ ಮೇಲಿರ್ಬೇಕಲ್ವಾ, ಫಸ್ಟ್ ಏಡ್‌ಗೆ?"

ಅತ್ತೆ ಎಣ್ಣೆ ಕ್ಯಾನುಗಳನ್ನು ಕಂಕುಳಿಗೆ ಒಂದೊಂದರಂತೆ ಕಟ್ಟಿಸಿಕೊಂಡು, ಮೂಗು ಮುಚ್ಚಿಕೊಂಡು ತೆಪ್ಪ ಹತ್ತಿದರು. ನಾನು ನೋಟ್‌ಬುಕ್ ಎದೆಗೆ ಒತ್ತಿಕೊಂಡು ಅವರ ಎದುರಿಗೆ ಕುಕ್ಕರಗಾಲಲ್ಲಿ ಕೂತೆ. ತಳ ಒಂದು ಸಲ ಬಳುಕಿತು. ಮೀನುಗಾರ ಹೆಂಗಸು ಹುಟ್ಟು ಹಾಕಿದಳು. ದಡ ನಮ್ಮನ್ನು ಬಿಟ್ಟು ಹಿಂದಕ್ಕೆ ಹೋಯಿತು. ನಾವು ಹೋಗುತ್ತಿರುವಂತೆ ಅನ್ನಿಸಲೇ ಇಲ್ಲ, ಸಿಸ್ಟರೇ ಫೋನು ಹಿಡಿದುಕೊಂಡು ದೂರ ಸರಿಯುತ್ತಿದ್ದರು.

ಸ್ವಲ್ಪ ಧೈರ್ಯ ಬಂದ ಮೇಲೆ ಪೆನ್ನು ತೆಗೆದೆ. "ಚುಕ್ಕಾಣಿ ಅಂತಾರಲ್ಲ, ಇದಕ್ಕೆ ಇಲ್ವಾ? ಮುಂಭಾಗಕ್ಕೆ ಏನಂತೀರಾ?"

ಅವಳಿಗೆ ನಗು. "ದುಂಡಗೈತಲ್ಲಕ್ಕಾ, ಎತ್ಲಾಗೆ ಹೋದ್ರೆ ಅದೇ ಮುಂದು."

ಬರೆದುಕೊಂಡೆ. ಗಾಳಿ ಬರುವುದು ಮೊದಲೇ ಗೊತ್ತಾಗುತ್ತದಾ ಎಂದು ಕೇಳಿದೆ. ಅವಳು ಹುಟ್ಟು ಎತ್ತಿ ನೀರಿನ ಕಡೆ ತೋರಿಸಿದಳು. "ನೀರು ಒಂದ್ಸಲ ಉಸಿರು ಎಳ್ಕೊಂತದೆ. ಸುಮ್ಕಾಗ್ತದೆ. ಆಗ ನಾವು ದಡ ಸೇರ್ಕೊಂಡ್ಬುಡ್ಬೇಕು." ಅದನ್ನೂ ಬರೆದುಕೊಂಡೆ. ಪುಸ್ತಕದಲ್ಲಿ ಎರಡು ಪುಟ ಉದ್ದದ ವರ್ಣನೆಯಿತ್ತು ಇದಕ್ಕೆ.

ಅತ್ತೆ ಹೆದರಿದ್ದಾರೆ ಅಂದುಕೊಂಡಿದ್ದೆ. ನೋಡಿದರೆ ಮೂಗು ಮುಚ್ಚಿದ್ದ ಕೈ ಯಾವಾಗಲೋ ಇಳಿದು ನೀರಿಗೆ ಹೋಗಿತ್ತು. ಬೆರಳುಗಳನ್ನು ನೀರಿನಲ್ಲಿ ಬಿಟ್ಟುಕೊಂಡು, ಅವು ಎಳೆಯುವ ಗೆರೆಗಳನ್ನು ಹೊಸ ಕಣ್ಣಿನಿಂದ ನೋಡುತ್ತಿದ್ದರು. ತಲೆಯೆತ್ತಿ, "ಬಿರುಗಾಳಿ ಬಂದ್ರೆ ಹೆಂಗಾಗ್ತದೆ, ಒಸಿ ತೋರ್ಸವ್ವಾ," ಎಂದರು.

"ಬ್ಯಾಡಿ ಅಮ್ಮಾವ್ರೆ, ತಲೆ ತಿರುಗ್ತದೆ."

"ತಿರುಗ್ಲಿ. ಅದಕ್ಕೇ ಬಂದಿರೋದು."

ಅವಳು ನನ್ನ ಮುಖ ನೋಡಿದಳು. ನಾನು ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಹುಟ್ಟನ್ನು ಒಂದೇ ಮಗ್ಗುಲಿಗೆ ಹಾಕಿ ಎಳೆದಳು. ತೆಪ್ಪ ಒಂದು ಸುತ್ತು ಸುತ್ತಿತು. ಇನ್ನೊಂದು ಎಳೆತ. ಏರಿ ಬಂತು, ಸಿಸ್ಟರ್ ಬಂದರು, ಮರ ಬಂತು, ನೀರು, ಆಕಾಶ, ಏರಿ, ಸಿಸ್ಟರ್, ಮತ್ತೆ ಮರ, ಆಮೇಲೆ ಎಲ್ಲ ಕಲಸಿ ಒಂದೇ ಹಸಿರು ಪಟ್ಟಿಯಾಯಿತು. ನಾನು ಕಿರುಚುತ್ತಿದ್ದೆ. ಅದರ ಮೇಲೊಂದು ಸದ್ದು ಕೇಳಿಸಿತು. ಮೊದಲು ಹಕ್ಕಿ ಎಂದುಕೊಂಡೆ. ಅತ್ತೆ ಕೂಗುತ್ತಿದ್ದರು. "ಹೋಯ್! ಹೋಯ್! ಇನ್ನೊಂದ್ಸಲ ತಿರುಗ್ಸೇ!" ತಲೆಗೂದಲು ಬಿಚ್ಚಿ ಮುಖದ ತುಂಬ ಹಾರುತ್ತಿತ್ತು. ಎರಡು ಕಂಕುಳಲ್ಲಿ ಎಣ್ಣೆ ಕ್ಯಾನುಗಳು ಡಬಡಬ ಬಡಿದುಕೊಳ್ಳುತ್ತಿದ್ದವು. ನನ್ನ ಕಿರುಚಾಟ ಯಾವಾಗ ನಗುವಾಯಿತೋ ತಿಳಿಯದು. ಎರಡು ಕೈಯಲ್ಲೂ ತೆಪ್ಪದ ಅಂಚು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದೆ.

ಎರಡು ಕೈಯಲ್ಲೂ! ನೋಟ್‌ಬುಕ್?

ಎರಡು ಮಾರು ದೂರದಲ್ಲಿ ತೆರೆದುಕೊಂಡು ತೇಲುತ್ತಿತ್ತು. ಹನ್ನೊಂದು ಅಧ್ಯಾಯ. ನೋಡುತ್ತಿದ್ದಂತೆ ಒಂದು ಮೂಲೆ ಮುಳುಗಿತು. "ಅಯ್ಯೋ, ಹಡಗು!" ಎಂದು ಕೂಗಿದೆನಂತೆ ನಾನು. ಪುಸ್ತಕ ಎನ್ನಬೇಕಿತ್ತು. ಮೀನುಗಾರ ಹೆಂಗಸು ಗಾಬರಿಯಾಗಲಿಲ್ಲ. ತೆಪ್ಪ ನಿಲ್ಲಿಸಿ, ಕಾಲ ಬುಡದಲ್ಲಿದ್ದ ಬೀಸುಬಲೆ ಎತ್ತಿ, ಸೊಂಟ ತಿರುಗಿಸಿ ಎಸೆದಳು. ಬಲೆ ಗಾಳಿಯಲ್ಲಿ ಅರಳಿ ನೋಟ್‌ಬುಕ್ಕಿನ ಮೇಲೆ ಸರಿಯಾಗಿ ಬಿತ್ತು. ಎಳೆದು ಒಳಗೆ ಸುರಿದಳು. ನೆನೆದ ಪುಸ್ತಕ, ಒಂದಿಷ್ಟು ಪಾಚಿ, ಪಟಪಟ ಒದ್ದಾಡುವ ಒಂದು ಮೀನು.

"ನೋಡಿ, ಪುಸ್ತಕದ ಜೊತೆಗೆ ಒಂದು ಜಿಲೇಬಿ!"

ಅತ್ತೆ ತಡವರಿಸಿದರು. "ಜಿಲೇಬಿನಾ? ಕೆರೇಲಾ?"

"ಮೀನಿನ ಹೆಸ್ರೇ ಅದು ಅಮ್ಮಾವ್ರೆ."

ಅದು ಹಾರಿ ಅತ್ತೆಯ ಮಡಿಲಿಗೇ ಬಿತ್ತು. ಮೊಟ್ಟೆ ಹಾಕಿದ ಕೇಕ್ ಇದ್ದ ತಟ್ಟೆಯನ್ನೂ ಮುಟ್ಟದ ನಮ್ಮ ಅತ್ತೆ, "ಶಿವಶಿವಾ" ಎನ್ನುತ್ತಾ ಎರಡು ಕೈಯಲ್ಲಿ ಆ ಮೀನನ್ನು ಹಿಡಿದು, ಒಂದು ಕ್ಷಣ ಅದರ ಮುಖ ನೋಡಿ, ನೀರಿಗೆ ಬಿಟ್ಟರು. "ಹೋಗಪ್ಪಾ, ಮನೆಗೆ ಹೋಗು." ಆಮೇಲೆ ಮೀನುಗಾರ ಹೆಂಗಸಿನ ಕಡೆ ತಿರುಗಿ, "ನಿನ್ನ ದುಡಿಮೆದು, ಕೇಳ್ದೆ ಬಿಟ್ಬಿಟ್ಟೆ, ಬೈಕೋಬೇಡವ್ವಾ," ಎಂದರು. "ಬುಡಿ, ನಾಳೆ ನಂಗೇ ಸಿಗ್ತದೆ," ಎಂದಳು ಅವಳು.

ದಡ ಸೇರಿದ ಮೇಲೆ ನೋಟ್‌ಬುಕ್ ಬಿಡಿಸಿ ಕಲ್ಲಿನ ಮೇಲಿಟ್ಟೆವು. ಜೆಲ್ ಪೆನ್ನಿನ ಶಾಯಿ ಎಲ್ಲ ಕರಗಿ, ಪುಟಪುಟವೂ ತಿಳಿನೀಲಿ. ಒಂದಕ್ಷರ ಉಳಿದಿರಲಿಲ್ಲ. ಅಷ್ಟು ಹೊತ್ತು ನಕ್ಕಿದ್ದೆನಲ್ಲ, ಆ ನಗುವಿನ ಉಬ್ಬಸದಲ್ಲೇ ಅಳು ಬಂದುಬಿಟ್ಟಿತು. ಇಂಗ್ಲಿಷ್ ಪುಸ್ತಕ ಮನೆಯಲ್ಲಿತ್ತು, ನಿಜ. ಆದರೆ ಆ ರೈಲು, ಆ ಬೆಳಗುಗಳು, ಒಂದೊಂದು ಮಾತಿಗೆ ಕಿಟಕಿಯಾಚೆ ನೋಡಿ ಕಾದದ್ದು, ಅದನ್ನು ಮತ್ತೆ ಹೇಗೆ ಬರೆಯುವುದು? ಸಿಸ್ಟರ್ ಬೆನ್ನು ಸವರಿದರು. ಅತ್ತೆ ಕಂಕುಳ ಹಗ್ಗ ಬಿಚ್ಚಿಕೊಳ್ಳುತ್ತಾ, "ಅದಕ್ಯಾಕೆ ಅಳ್ತೀಯ?" ಎಂದರು. "ನಂಗೆಲ್ಲಾ ಗೊತ್ತು. ನಾನು ಹೇಳ್ತೀನಿ, ನೀನು ಬರ್ಕೋ."

ನಾನು ನಂಬಲಿಲ್ಲ. ಮನೆಯಿಂದ ಕಟ್ಟಿಕೊಂಡು ಬಂದಿದ್ದ ಚಿತ್ರಾನ್ನವನ್ನು ನಾಲ್ವರೂ ಹಂಚಿಕೊಂಡು ತಿಂದು, ಬಸ್ ಹತ್ತಿ ಕೂತ ಮೇಲೆ ಅವರು ಶುರುಮಾಡಿದರು. ಹಡಗು ಬಂದರು ಬಿಟ್ಟ ದಿನದಿಂದ. ಯಾರು ಎಲ್ಲಿ ನಿಂತಿದ್ದರು, ಯಾರು ಸುಳ್ಳು ಹೇಳಿದರು, ಅಡುಗೆಯವನು ಯಾಕೆ ಮುನಿಸಿಕೊಂಡ, ಒಂದೂ ಬಿಡಲಿಲ್ಲ. ಅಕ್ಕಪಕ್ಕದ ಸೀಟಿನವರು ಕಿವಿ ಕೊಟ್ಟು ಕೂತರು. ಅತ್ತೆ ಎಲ್ಲಿಯಾದರೂ ತಡೆದರೆ ಸಿಸ್ಟರ್ ನೆನಪಿಸುತ್ತಿದ್ದರು. ನನ್ನ ಬಳಿ ಕಾಗದವಿರಲಿಲ್ಲ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ.

ಮನೆಗೆ ಬಂದು ಎರಡು ವಾರ ಕೂತು ಅದನ್ನು ಕಾಗದಕ್ಕೆ ಇಳಿಸಿದೆ. ಇಂಗ್ಲಿಷ್ ಪುಸ್ತಕದ ಜೊತೆ ಹಿಡಿದು ನೋಡಿದರೆ, ಅತ್ತೆ ಬಿಟ್ಟದ್ದು ಎರಡೇ. ಅಕ್ಷಾಂಶ ರೇಖಾಂಶದ ಲೆಕ್ಕಗಳು, ಮತ್ತೆ ಆ ಲೇಖಕನಿಗೆ ಬಹಳ ಪ್ರೀತಿಯ, ಪುಟಗಟ್ಟಲೆ ಬರುವ ಮೀನುಗಳ ಪಟ್ಟಿ. "ತಿನ್ನೋರ್ ಬೇಕಾದ್ರೆ ಓದ್ಕೊಳ್ಲಿ," ಎಂದರು ಕೇಳಿದ್ದಕ್ಕೆ. ನಾವಿಕರ ಕೈಗೆ ಗಟ್ಟಿ ಬಿಸ್ಕತ್ತಿನ ಬದಲು ಹುರಿದ ಹುರುಳಿ ಕೊಟ್ಟಿದ್ದರು, ತಿಂಗಳುಗಟ್ಟಲೆ ಬಿಸ್ಕತ್ತು ತಿಂದು ಯಾರೂ ಹಗ್ಗ ಎಳೆಯಲಾರರು ಎಂಬುದು ಅವರ ವಾದ. ಅದನ್ನು ಮಾತ್ರ ಜಗಳವಾಡಿ ಬಿಸ್ಕತ್ತು ಮಾಡಿದೆ. ಉಳಿದಂತೆ ಅವರ ಮಾತನ್ನು ಮುಟ್ಟಲು ಮನಸ್ಸೇ ಬರಲಿಲ್ಲ. ನಾನು 'ಕ್ಯಾಪ್ಟನ್ ಕೋಪಗೊಂಡು ಆಜ್ಞಾಪಿಸಿದನು' ಎಂದು ಬರೆದಿದ್ದ ಕಡೆ ಅತ್ತೆಯ ಕ್ಯಾಪ್ಟನ್, "ಏನ್ಲಾ ನೋಡ್ತಾ ನಿಂತಿದೀಯ, ಹಗ್ಗ ಹಿಡಿಲಾ!" ಎಂದಿದ್ದ. ನನ್ನ ಕ್ಯಾಪ್ಟನ್ ನೋಟ್‌ಬುಕ್ಕಿನಲ್ಲಿ ಮುಳುಗಿ ಸತ್ತದ್ದು ಒಳ್ಳೆಯದೇ ಆಯಿತು.

ಹನ್ನೆರಡನೆಯ ಅಧ್ಯಾಯವನ್ನು ಒಂದೇ ಭಾನುವಾರ ಬರೆದು ಮುಗಿಸಿದೆ. ಸೋಮವಾರ ರೈಲಿನಲ್ಲಿ ಜಾಗ ಸಾಲದೆ ಜನ ನಡುವಿನ ದಾರಿಯಲ್ಲಿ ನಿಂತಿದ್ದರು. ತಿಂಗಳಿಂದ ಕಾದಿದ್ದರಲ್ಲ. ನೀರು ಉಸಿರು ಎಳೆದುಕೊಂಡಿತು ಎಂಬಲ್ಲಿಗೆ ಬಂದಾಗ ನಮ್ಮ ಬೋಗಿಯಲ್ಲಿ ಫ್ಯಾನಿನ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ಆಮೇಲೆ ಗಾಳಿ ಬಂತು. ನಾನು ಓದುತ್ತಾ ಓದುತ್ತಾ ತೂಗುತ್ತಿದ್ದೆನಂತೆ. ಸಿಸ್ಟರ್ ನನ್ನ ತೋಳು ಹಿಡಿದುಕೊಂಡಿದ್ದರು, ಹೂವಿನ ಹೆಂಗಸು ಬುಟ್ಟಿಯನ್ನು ತಬ್ಬಿಕೊಂಡಿದ್ದರು. ಯಾವುದೋ ಸ್ಟೇಷನ್ನಿನಲ್ಲಿ ರೈಲು ನಿಂತದ್ದು, ಹೊರಟದ್ದು ಅರೆಬರೆ ತಿಳಿಯಿತು. ಕೊನೆಯ ಸಾಲು ಓದಿ ತಲೆಯೆತ್ತಿದಾಗ ಸಿಸ್ಟರ್ ಕಿಟಕಿಯ ಕಡೆ ನೋಡಿ ಕಿರುಚಿದರು.

"ಮೇಡಂ, ಗುಬ್ಬಿ ಹೋಯ್ತು!"

ಎಂಟು ಜನ ನಿಟ್ಟೂರಿನಲ್ಲಿ ಇಳಿದೆವು. ಯಾರಿಗೂ ಸಿಟ್ಟಿಲ್ಲ. ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಗುವುದೇ ನಗುವುದು. ಒಬ್ಬರ ನಗು ನಿಂತರೆ ಇನ್ನೊಬ್ಬರದು ಶುರು. ಸ್ಟೇಷನ್ನಿನವರು ಹೊರಗೆ ಬಂದು ನಮ್ಮನ್ನು ನೋಡಿ ಏನೂ ಕೇಳದೆ ಒಳಗೆ ಹೋದರು. ಅಲ್ಲಿಂದಲೇ ಅತ್ತೆಗೆ ಫೋನು ಮಾಡಿದೆ.

"ಎಂಟು ಜನಾನಾ?" ಎಂದರು ಅತ್ತೆ. ಮತ್ತೆ ತಗ್ಗಿದ ದನಿಯಲ್ಲಿ, "ಪೂರ್ತಿ ಕೇಳುದ್ರಾ?" ಎಂದು ಕೇಳಿದರು.

ಗುಬ್ಬಿಗೆ ಹೋಗುವ ಬಸ್ಸು ಸಿಕ್ಕಿ ಸ್ಕೂಲು ಮುಟ್ಟುವಾಗ ಎರಡನೆಯ ಪೀರಿಯಡ್ಡು ನಡೆಯುತ್ತಿತ್ತು. ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಕೂತಿದ್ದ ಹೆಡ್‌ಮಾಸ್ಟರು ಕನ್ನಡಕದ ಮೇಲಿಂದ ನೋಡಿದರು. ಸುಳ್ಳು ಹೇಳಲು ಏನೂ ಹೊಳೆಯಲಿಲ್ಲ. ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಅವರು ಲೇಟ್ ಎಂದು ಕೆಂಪು ಶಾಯಿಯಲ್ಲಿ ಬರೆದು, ಪುಸ್ತಕ ಮುಚ್ಚಿ, ಕುರ್ಚಿಯೊಂದನ್ನು ನನ್ನ ಕಡೆ ತಳ್ಳಿ, "ಎಲ್ಲಿ, ಆ ಬಿರುಗಾಳಿ ಓದಿ," ಎಂದರು.